ದೊಡ್ಡಿಗೆ ಹೇಳದೆ ಹೊರಟ ದಿನ

ತಿಗನಾರೆಯ ಚನ್ನಮಲ್ಲಮ್ಮನ ಮನೆಯಲ್ಲಿ ನಾಳೆ ಏನು ನಡೆಯುತ್ತದೆ ಅನ್ನುವುದು ಮೊದಲು ಗೊತ್ತಾಗುವುದು ದನಗಳಿಗೆ. ಮನುಷ್ಯರ ಸರದಿ ಆಮೇಲೆ.

ತಮಿಳುನಾಡಿಗೆ ಸೇರಿದ ಕನ್ನಡದ ಊರದು; ಕಾಡಿನಂಚಿಗೆ ಮುಳ್ಳುಬೇಲಿ ಕಟ್ಟಿದ ದೊಡ್ಡಿ ಅವರದು. ಒಂಬತ್ತು ಸೀಮೆ ಹಸು, ಹದಿನೇಳು ನಾಟಿ ದನ, ಒಟ್ಟು ಇಪ್ಪತ್ತಾರು. ದಿನಾ ಸಂಜೆ ದನ ಒಳಗೆ ಸೇರಿದ ಮೇಲೆ ಅತ್ತೆ ಶಿವಮಲ್ಲಮ್ಮ ದೊಡ್ಡಿ ಬಾಗಿಲಿನ ಬಿದಿರಿಗೆ ಕೈಯಿಟ್ಟು ನಿಂತು, ನಾಳೆಯ ಕೆಲಸವನ್ನು ಗಟ್ಟಿಯಾಗಿ ಹೇಳುತ್ತಾಳೆ. ಯಾರು ಹಾಲು ಕರೆಯುತ್ತಾರೆ, ಯಾರು ಮೇಯಿಸಲು ಹೊಡೆದುಕೊಂಡು ಹೋಗುತ್ತಾರೆ, ಕೆರೆಯ ಕಡೆಗೋ ಕಟಾವಾದ ಹೊಲಕ್ಕೋ, ಯಾವ ಹಸು ದೊಡ್ಡಿಯಲ್ಲೇ ಉಳಿಯಬೇಕು, ಎಲ್ಲ. ಅವಳ ಅತ್ತೆಯೂ ಹಾಗೆ ಹೇಳುತ್ತಿದ್ದಳಂತೆ, ಆ ಅತ್ತೆಯ ಅತ್ತೆಯೂ ಹೇಳುತ್ತಿದ್ದಳಂತೆ. ಇದಕ್ಕೆ ದೊಡ್ಡಿಗೆ ಹೇಳುವುದು ಎನ್ನುತ್ತಾರೆ. ದನಕ್ಕೆ ತಿಳಿಯುತ್ತದೋ ಬಿಡುತ್ತದೋ, ಮನೆಯ ನಾಲ್ಕು ಜನ ಮತ್ತು ದನ ಮೇಯಿಸುವ ಸೋಲಿಗರ ಸಿದ್ದ ಆ ಹೊತ್ತಿಗೆ ಅಲ್ಲೇ ಇರುವುದರಿಂದ ಅವರಿಗಂತೂ ತಿಳಿಯುತ್ತದೆ. ಒಮ್ಮೆ ದೊಡ್ಡಿಗೆ ಹೇಳಿದರೆ ಅದೇ ಕೊನೆ. ಬದಲಾಯಿಸಬೇಕೆಂದರೆ ಮತ್ತೆ ಬಿದಿರಿಗೆ ಕೈಯಿಟ್ಟು ಮತ್ತೆ ಹೇಳಬೇಕು. ಒಲೆಯ ಮುಂದೆ ಗೊಣಗಿದ್ದು, ಫೋನಿನಲ್ಲಿ ಹೇಳಿದ್ದು, ಮನಸ್ಸಿನಲ್ಲಿ ಅಂದುಕೊಂಡದ್ದು ಯಾವುದೂ ಲೆಕ್ಕಕ್ಕಿಲ್ಲ.

ಕಳೆದ ಏಳೆಂಟು ತಿಂಗಳಿಂದ ಮುದುಕಿಗೆ ಇದೇ ದೊಡ್ಡ ಕೆಲಸವಾಗಿತ್ತು.

“ಒಂದ್ ದಿನುಕ್ಕ ಮೂರು ಸಲ ಮಾತು ಬದ್ಲಾಯ್ಸುದ್ರ ಆ ದನ್ಗಳು ನಮ್ಮುನ್ನ ನಂಬವಾ? ಇದೇನು ಸಂಸಾರನಾ, ತಾಳವಾಡಿ ಬಸ್ ಸ್ಟ್ಯಾಂಡಾ?” ಎಂದು ಸೊಸೆಯನ್ನು ಗದರುತ್ತಿದ್ದಳು.

ತಪ್ಪು ಸೊಸೆಯದಲ್ಲ, ಹೋರಿಯದು. ಹೋದ ಸಂಕ್ರಾಂತಿಯ ಹಿಂದುಮುಂದೆ ಅದು ಚನ್ನಮಲ್ಲಮ್ಮನ ಗಂಡ ಪ್ರಭುಸ್ವಾಮಿಯನ್ನು ಗೋದಲೆಗೆ ಒತ್ತಿ ಹಿಡಿಯಿತು. ಬಲಗಾಲಿನ ಮಂಡಿ ಪುಡಿಯಾಯಿತು. ಕಬ್ಬಿಣ ಹಾಕಿ ಕೂಡಿಸಿದರು. ನಡೆಯುತ್ತಾನೆ, ಆದರೆ ಕಾಲು ಮಡಚುವುದಿಲ್ಲ. ಮಡಚದ ಕಾಲಿನಲ್ಲಿ ಗಾಡಿಯ ಬ್ರೇಕು ತುಳಿಯಲಾಗುವುದಿಲ್ಲ. ಹಾಲಿನ ವ್ಯಾನು ತಿಗನಾರೆಗೆ ಬರುವುದನ್ನು ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಬೆಳಗಿನ ಐದಕ್ಕೆ ರಸ್ತೆಯ ನಡುವೆ ಆನೆ ನಿಂತಿದ್ದರೆ ಯಾವ ಡ್ರೈವರು ಬರುತ್ತಾನೆ? ಹಾಲನ್ನು ತಾವೇ ತಾಳವಾಡಿಗೆ ಮುಟ್ಟಿಸಬೇಕು, ದಿನಕ್ಕೆ ಎರಡು ಸಲ.

ಪ್ರಭುಸ್ವಾಮಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಚನ್ನಮಲ್ಲಮ್ಮ ಗಾಡಿ ಕಲಿತಳು. ತಮಿಳು ಸೀಮೆಯ ಜನ ಕುಟ್ಟಿಯಾನೆ ಎಂದು ಕರೆಯುವ ಪುಟ್ಟ ಲೋಡು ಗಾಡಿ ಅದು. ಕಟಾವಾದ ರಾಗಿ ಹೊಲದಲ್ಲಿ ಎಂಟು ದಿನ ಓಡಿಸಿದಳು. ಒಂಬತ್ತನೆಯ ದಿನ ಹಿಂದಕ್ಕೆ ತಂದು ದೊಡ್ಡಿ ಬಾಗಿಲಿನ ಎರಡು ಕಲ್ಲುಗಳ ನಡುವೆ ನಿಲ್ಲಿಸಿದಳು. ಗಾಡಿಗೂ ಕಲ್ಲಿಗೂ ನಡುವೆ ಒಂದು ಅಂಗೈ ಜಾಗವಿತ್ತು.

ಧೈರ್ಯ ಅವಳಿಗೆ ಗಾಡಿಯಿಂದ ಬಂದದ್ದಲ್ಲ. ಅವಳು ಗುಮಟಾಪುರದ ಹುಡುಗಿ. ದೀಪಾವಳಿ ಕಳೆದ ಮೇಲೆ ಬೀರೇಶ್ವರನ ಗುಡಿಯ ಬಳಿ ಗಂಡಸರು ಸಗಣಿಯಲ್ಲಿ ಹೊರಳಾಡುವ ಊರು. ಹತ್ತೊಂಬತ್ತಕ್ಕೆ ಮದುವೆಯಾಗಿ ತಿಗನಾರೆಗೆ ಬಂದಾಗ ತವರಿನಿಂದ ತಂದದ್ದು ಒಂದು ಹಸು. ಈಗಿನ ಹದಿನೇಳು ನಾಟಿ ದನಗಳಲ್ಲಿ ಹನ್ನೊಂದು ಅದರ ಸಂತಾನ. ಕೆಲವು ವರ್ಷದ ಹಿಂದೆ ಹಾಲಿನ ದರಕ್ಕಾಗಿ ತಾಳವಾಡಿಯಲ್ಲಿ ರಸ್ತೆ ತಡೆ ಮಾಡಿದಾಗ ಎಲ್ಲರೂ ಕ್ಯಾನುಗಟ್ಟಲೆ ಹಾಲನ್ನು ರಸ್ತೆಗೆ ಸುರಿದರು. ಇವಳು ಸುರಿಯಲಿಲ್ಲ. “ದನುದ್ ಕೆಚ್ಚಲ ಹಿಂಡುದೋರು ನಾವು, ರಸ್ತೆಗ್ಯಾಕ ಕುಡುಸ್ಬೇಕು?” ಎಂದು ಅಲ್ಲೇ ಮೂರು ಕಲ್ಲು ಹೂಡಿ, ಬಂದವರಿಗೆಲ್ಲ ಟೀ ಕಾಯಿಸಿ ಕೊಟ್ಟಳು. ಪೊಲೀಸರಿಗೂ ಕೊಟ್ಟಳು. ಟೀ ಕುಡಿದವರು ಲಾಠಿ ಎತ್ತಲು ನಾಚಿಕೊಂಡರು. ರಸ್ತೆ ತಡೆ ಮಧ್ಯಾಹ್ನದ ತನಕ ನಡೆಯಿತು. ಟೀ ಇಲ್ಲದಿದ್ದರೆ ಹತ್ತು ಗಂಟೆಗೇ ಎಲ್ಲರೂ ಮನೆಗೆ ಹೋಗುತ್ತಿದ್ದರು.

ಗಾಡಿ ಕಲಿತ ಮೇಲೆ ಎಲ್‌ಎಲ್‌ಆರ್ ಮಾಡಿಸಿದಳು. ಗಾಡಿ ಕಲಿಯುವವರಿಗೆ ಕೊಡುವ ಆರು ತಿಂಗಳ ಚೀಟಿ ಅದು. ಪ್ಲಸ್ ಟೂ ಓದುವ ಮಗಳು ಮೇಘ ಕೆಂಪು ಬಣ್ಣದಲ್ಲಿ ಗಾಡಿಯ ಮುಂದೊಂದು ಹಿಂದೊಂದು ಎಲ್ ಬರೆದಳು. ಆದರೆ ಚೀಟಿ ಇದ್ದವಳು ಒಬ್ಬಳೇ ಓಡಿಸುವಂತಿಲ್ಲ, ಲೈಸೆನ್ಸು ಇದ್ದವರು ಪಕ್ಕದಲ್ಲಿ ಕೂತಿರಬೇಕು. ಹಾಗಾಗಿ ಪ್ರಭುಸ್ವಾಮಿಯನ್ನು ದಿನಾ ಬೆಳಗಿನ ಐದಕ್ಕೆ ಎಬ್ಬಿಸಿ, ಮಡಚದ ಕಾಲನ್ನು ಮೊದಲು ಒಳಗೆ ತೂರಿಸಿ, ಆಮೇಲೆ ಮನುಷ್ಯನನ್ನು ತೂರಿಸಬೇಕು. ಮನೆಯಲ್ಲಿ ಅವನ ಹೆಸರೇ ಬದಲಾಯಿತು.

“ಮೇಘಾ, ಲೈಸೆನ್ಸ್ ಎದ್ದದಾ ನೋಡು.”

“ಎದ್ದದ ಕಣವ್ವ, ಬೀಡಿ ಸೇದ್ತಾ ಕುಂತದ.”

ಅವನಿಗೆ ಜ್ವರ ಬಂದರೆ ಹಾಲು ಹೋಗುವುದಿಲ್ಲ. ಕಾಲು ತೋರಿಸಲು ಚಾಮರಾಜನಗರಕ್ಕೆ ಹೋದರೆ ಹಾಲು ಹೋಗುವುದಿಲ್ಲ. ಆಗ ಮೇಘ ಬಸ್ಸು ಬಿಟ್ಟು ಪಕ್ಕದ ಊರಿನ ಗಾಡಿ ಹುಡುಕಬೇಕು, ಸಿದ್ದ ಮೇಯಿಸುವುದು ಬಿಟ್ಟು ಕ್ಯಾನು ಹೊರಬೇಕು, ಶಿವಮಲ್ಲಮ್ಮ ಮತ್ತೆ ಬಾಗಿಲಿಗೆ ಹೋಗಿ ದೊಡ್ಡಿಗೆ ಹೇಳಬೇಕು.

ಟೆಸ್ಟಿನ ದಿನ ಎರಡು ಸಲ ತಪ್ಪಿತು. ಒಂದು ಸಲ ಆನೆ ಬೇಲಿ ಕಿತ್ತು ದನ ಚೆದುರಿದವು. ಇನ್ನೊಂದು ಸಲ ಎರಡು ಸೀಮೆ ಹಸುಗಳಿಗೆ ಒಟ್ಟಿಗೆ ಹೊಟ್ಟೆ ಉಬ್ಬರಿಸಿತು. ಈಗ ಸಿಕ್ಕಿದ್ದು ಗುರುವಾರ, ಬೆಟ್ಟದ ಕೆಳಗೆ ಸತ್ಯಮಂಗಲದಲ್ಲಿ. ಶುಕ್ರವಾರಕ್ಕೆ ಎಲ್‌ಎಲ್‌ಆರ್ ಮುಗಿಯುತ್ತಿತ್ತು.

ಪ್ರಭುಸ್ವಾಮಿಗೆ ಸಾಕಾಗಿತ್ತು. ಭಾನುವಾರ ಬಾ ಎಂದು ದನದ ವ್ಯಾಪಾರಿ ಮಣಿಗೆ ಹೇಳಿಯೇಬಿಟ್ಟಿದ್ದ.

“ಅರ್ಧ ಕೊಟ್ಬುಡನ ಕಣಮ್ಮಿ. ಅದ್ಮೂರು ಸಾಕು. ಆಲು ಕಮ್ಮಿ ಆದ್ರ ಯಾರ್ದಾರ ಬೈಕಲ್ಲಿ ಓಯ್ತದ.”

“ಆಯ್ತು. ಗುರುವಾರ ನಾ ಪಾಸಾಗ್ನಿಲ್ಲ ಅಂದ್ರ ನಾನೇ ಅಗ್ಗ ಇಡ್ಕಂಡ್ ಮಣಿ ಲಾರಿಗ ಅತ್ತುಸ್ತೀನಿ. ಪಾಸಾದ್ರ ಮಣಿಗ ಬರ್ಬ್ಯಾಡ ಅಂತ ನೀವೇ ಫೋನ್ ಮಾಡ್ಬೇಕು. ನಿಮ್ ಬಾಯಲ್ಲೇ.”

ಮಾತು ಅಷ್ಟಕ್ಕೆ ನಿಂತಿತು.

ಬುಧವಾರ ಸಂಜೆ ಶಿವಮಲ್ಲಮ್ಮ ದೊಡ್ಡಿಗೆ ಹೇಳಿದಳು: ನಾಳೆ ಚನ್ನಿ, ಪ್ರಭು ಇಬ್ಬರೂ ಇರುವುದಿಲ್ಲ; ಡ್ರೈವರ್ ಮುರುಗೇಶ ಗಾಡಿಯನ್ನು ದಿಂಬಂ ಘಾಟಿ ಇಳಿಸಿಕೊಡುತ್ತಾನೆ; ಎಲ್ಲ ದನ ಸಿದ್ದನ ಜೊತೆ ಒಡೆದ ಕೆರೆಯ ಕಡೆಗೆ; ಮೇಘ ಸ್ಕೂಲಿಗೆ.

ಗುರುವಾರ ಬೆಳಿಗ್ಗೆ ಹಾಲು ಕರೆಯುವಾಗ ಚನ್ನಮಲ್ಲಮ್ಮ ಗಬ್ಬದ ನಾಟಿ ಹಸು ಕೆಂಚಿಯ ಬಾಲದ ಬುಡ ಮುಟ್ಟಿ ನೋಡಿದಳು. ಮೆತ್ತಗಾಗಿತ್ತು. ಕೆಚ್ಚಲು ಬಿಗಿದಿತ್ತು. ಕರು ಹಾಕಲು ಇನ್ನೂ ನಾಲ್ಕು ದಿನವಿದೆ ಎಂದುಕೊಂಡಿದ್ದು ತಪ್ಪಾಗಿತ್ತು. ಇವತ್ತು ಇವಳು ದೊಡ್ಡಿಯಲ್ಲೇ ಇರಲಿ, ಬಾಗಿಲಿಗೆ ಹೋಗಿ ಹೇಳಬೇಕು ಎಂದು ಎದ್ದಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮುರುಗೇಶ.

“ಅಕ್ಕಾ, ಕೋಪ ಮಾಡ್ಕಬ್ಯಾಡ. ನಮ್ಮ ಮಾವುನ್ಗ ಎದೆ ನೋವು, ಆಸ್ಪತ್ರೆಗ ಕರ್ಕೊಂಡೋಗ್ತಾ ಇವ್ನಿ.”

“ಕೋಪ ಮಾಡ್ಕಳಕ ಟೈಮಿಲ್ಲ ಕಣಪ್ಪ. ನಿಮ್ಮಾವುನ್ನ ನೋಡ್ಕ,” ಎಂದು ಫೋನಿಟ್ಟಳು.

ಪ್ರಭುಸ್ವಾಮಿ ಆಗಲೇ ಗಾಡಿಯೊಳಗೆ ತೂರಿಸಿಕೊಂಡಿದ್ದ ಕಾಲನ್ನು ಈಚೆಗೆ ತೆಗೆಯತೊಡಗಿದ. “ಮುಗೀತಲ್ಲ. ದಿಂಬಂ ಯಾರು ಇಳುಸ್ತಾರ?”

“ನಾನು.”

“ಇಪ್ಪತ್ತೇಳು ತಿರುವು ಕಣಮ್ಮಿ!”

“ನಿಮ್ಮವ್ವುನ್ ಜೊತ ಇಪ್ಪತ್ತೈದು ವರ್ಷ ಬಾಳಿವ್ನಿ. ಆ ಇಪ್ಪತ್ತೇಳು ನನ್ಗೇನ್ ಮಾಡದು? ಕಾಲು ಒಳಿಕ್ಕಾಕಿ.”

ಜಗುಲಿಯ ಮೇಲಿದ್ದ ಶಿವಮಲ್ಲಮ್ಮ ಕಿಸಕ್ಕನೆ ನಕ್ಕಳು. “ಇಳುಸ್ತಳ ಬುಡ್ಲಾ ಪ್ರಭು. ನೀ ಕಣ್ ಮುಚ್ಕಂಡ್ ಕುಂತ್ಕ.”

ಗಾಡಿ ಹೊರಟಿತು. ಕೆಂಚಿಯ ಮಾತು ಚನ್ನಮಲ್ಲಮ್ಮನ ತಲೆಯಲ್ಲೇ ಉಳಿಯಿತು. ಹೇಳಿದ್ದೇನೆ ಎಂದೇ ಅವಳು ತಿಳಿದುಕೊಂಡಿದ್ದಳು.

ದಿಂಬಂ ಘಾಟಿಯನ್ನು ಅವಳು ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದಳು. ಓಡಿಸುವವರ ಜಾಗದಿಂದ ನೋಡಿದ್ದು ಅವತ್ತೇ. ಎರಡನೇ ಗೇರಿಗೆ ಹಾಕಿದವಳು ಘಾಟಿಯ ಕೆಳಗಿನ ಬಣ್ಣಾರಿ ಕಾಣುವವರೆಗೂ ಬದಲಾಯಿಸಲಿಲ್ಲ. ಪ್ರಭುಸ್ವಾಮಿ ಒಂದೊಂದು ತಿರುವಿಗೂ “ಮಾದಪ್ಪಾ” ಎನ್ನುತ್ತಿದ್ದ. ಹದಿನಾಲ್ಕನೆಯ ತಿರುವಿಗೆ ಬರುವಾಗ ದೇವರನ್ನು ಬಿಟ್ಟು “ಚನ್ನೀ, ಚನ್ನೀ” ಎಂದು ಹಿಡಿದ. ಕೆಳಗಿಳಿದ ಮೇಲೆ ನೋಡಿದರೆ ಬಾಗಿಲಿನ ಹಿಡಿ ಅವನ ಕೈಗೆ ಬಂದಿತ್ತು.

ಟೆಸ್ಟಿನ ಮೈದಾನದಲ್ಲಿ ಮೂವತ್ತು ಜನ ಕಾಯುತ್ತಿದ್ದರು. ಹೆಂಗಸರೆಂದರೆ ಇವಳು, ಇನ್ನೊಬ್ಬಳು ಕಾಲೇಜು ಹುಡುಗಿ. ಟೆಸ್ಟು ತೆಗೆದುಕೊಳ್ಳುವ ಅಧಿಕಾರಿಯನ್ನು ಅಲ್ಲಿಯವರು ಬ್ರೇಕ್ ಇನ್ಸ್‌ಪೆಕ್ಟರ್ ಎನ್ನುತ್ತಾರೆ. ಚನ್ನಮಲ್ಲಮ್ಮನ ನಂಬರು ಹದಿನಾಲ್ಕು. ಹನ್ನೆರಡನೆಯವನು ಗಾಡಿ ತಿರುಗಿಸುತ್ತಿದ್ದಾಗ ಸಿದ್ದನ ಫೋನು ಬಂತು.

“ಅವ್ವಾ, ಕೆಂಚಿ ಕಾಣಕಿಲ್ಲ ಕಣವ್ವಾ.”

“ಕೆಂಚಿ ಯಾಕ್ ಮೇಯಕ ಬಂದ್ಲು? ಅವ್ಳು ದೊಡ್ಡೀಲಿ ಇರ್ಬೇಕಲ್ವಾ ಸಿದ್ದಣ್ಣಾ?”

“ಎಲ್ಲಾ ದನ ಅಂತ ನೆನ್ನ ದೊಡ್ಡಿಗ ಏಳ್ದರಲ್ಲ ಶಿವಮಲ್ಲವ್ವ. ಬದ್ಲಾಯ್ಸಿದ್ದು ನಾ ಕೇಳ್ನಿಲ್ಲ.”

ಆಗ ಅವಳಿಗೆ ಗೊತ್ತಾಯಿತು. ಹೇಳಿಯೇ ಇರಲಿಲ್ಲ. ಸಿದ್ದನ ಮೇಲೆ ಕೂಗಾಡಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಬೈಯಬೇಕಾದವಳು ಮೈದಾನದಲ್ಲಿ ನಿಂತಿದ್ದಳು.

“ಎಜ್ಜೆ ಎತ್ಲಾಗ್ ಓಗದ?”

“ಒಡದ್ ಕೆರೆ ಪಕ್ಕ ಲಾಂಟಾನ ಪೊದೆ ಒಳಿಕ್ಕ. ಕರ ಹಾಕಕ ಮಲ್ಗವ್ಳ ಅಂತ ಕಾಣ್ತದ. ನಾ ಕರುದ್ರ ಉಸ್ರೆತ್ತಾಕಿಲ್ಲ. ಆಚ ಕಡ ಚಿರತೆ ಎಜ್ಜೆನೂ ಅದ ಕಣವ್ವಾ. ನೀ ಕರುದ್ರ ಬಂದಾಳು.”

ಮಲೆಯ ಹಸುವಿನ ಜಾತಿಯೇ ಹಾಗೆ. ಸೀಮೆ ಹಸು ಯಾರು ಹಿಂಡಿದರೂ ಹಾಲು ಕೊಡುತ್ತದೆ. ನಾಟಿ ಹಸು ಒಂದು ದನಿ, ಒಂದು ಕೈ ಹಿಡಿದರೆ ಸಾಯುವ ತನಕ ಅದೇ.

“ಬಂಡೆ ಮೇಲ ಅತ್ತು. ಫೋನ್ನ ಸ್ಪೀಕರ್ಗ ಆಕಿ ಮ್ಯಾಲಕ್ಕೆತ್ತು. ಎತ್ತುದ್ಯಾ?”

“ಎತ್ತಿವ್ನಿ, ಕರಿ.”

ಚನ್ನಮಲ್ಲಮ್ಮ ಫೋನನ್ನು ಬಾಯಿಗೆ ಹಿಡಿದು ಗಂಟಲು ಬಿಟ್ಟಳು.

“ಕೆಂಚೀ... ಬಾ ಬಾ ಬಾ ಬಾ... ಕೆಂಚವ್ವಾ ಹೋ... ಬಾರೇ ನನ್ನವ್ವಾ...”

ಮೈದಾನದಲ್ಲಿ ಓಡುತ್ತಿದ್ದ ಗಾಡಿ ಗಕ್ಕನೆ ನಿಂತಿತು. ಆ ಹುಡುಗ ಬೆದರಿ ಕ್ಲಚ್ಚು ಬಿಟ್ಟಿದ್ದ. “ಅಮ್ಮನಿಗೆ ಮೈಮೇಲೆ ದೇವರು ಬಂದಿದೆ, ಯಾರಾದರೂ ನಿಂಬೆಹಣ್ಣು ತನ್ನಿ” ಎಂದು ಯಾರೋ ತಮಿಳಿನಲ್ಲಿ ಕೂಗಿದರು. ಬೇವಿನ ಮರದ ಕೆಳಗೆ ಕೂತಿದ್ದ ಪ್ರಭುಸ್ವಾಮಿ ಟವೆಲನ್ನು ಮುಖಕ್ಕೆ ಹೊದ್ದುಕೊಂಡ. ಮೈದಾನದ ಅಂಚಿನಲ್ಲಿ ಮಲಗಿದ್ದ ಊರ ಹಸುವೊಂದು ತಲೆಯೆತ್ತಿ ನೋಡಿ ಮತ್ತೆ ಮೆಲುಕಿಗೆ ತೊಡಗಿತು. ಸತ್ಯಮಂಗಲದ ಹಸುವಿಗೆ ತಿಗನಾರೆಯ ಮಾತು ತಿಳಿಯಬೇಕಲ್ಲ. ಚನ್ನಮಲ್ಲಮ್ಮ ಯಾರನ್ನೂ ನೋಡಲಿಲ್ಲ. ಕರೆದಳು, ಕಿವಿಗಿಟ್ಟು ಕೇಳಿದಳು, ಮತ್ತೆ ಕರೆದಳು. ಆರನೆಯ ಸಲಕ್ಕೆ ಅತ್ತಲಿಂದ ದಪ್ಪ ದನಿಯಲ್ಲಿ ಅಂಬಾ ಎಂದಿತು.

“ಬಂದ್ಲು ಬಂದ್ಲು! ಕರುದ್ ಕಾಲು ಈಚ ಕಾಣ್ತಾ ಅವ!”

“ಅವ್ಳ ನಡುಸ್ಬ್ಯಾಡ. ಮಿಕ್ಕುದ್ ದನ್ವ ಸುತ್ತ ನಿಲ್ಸು. ಅತ್ತೆನ ಕಳುಸ್ತೀನಿ.”

ಅತ್ತೆಗೆ ಫೋನು ಹಚ್ಚಿದಳು. ಮುದುಕಿ ಪೂರ್ತಿ ಕೇಳಿಸಿಕೊಂಡಳು.

“ದೊಡ್ಡಿಗ್ಯಾಕ ಏಳ್ನಿಲ್ಲ?”

“ಮರ್ತೆ ಅತ್ತೆ.”

“ತಪ್ಪು ಒಪ್ಕಂಡ್ಯಾ? ಇವತ್ತು ಮಳೆ ಬತ್ತದ ಬುಡು. ನಾ ಓಯ್ತೀನಿ. ಹಾಲ್ ಕರಿಯಾಗ ಉಡ್ತೀಯಲ್ಲ, ಆ ಗಬ್ಬುನಾತ ಸೀರೆ, ಅದೆಲ್ಲದ? ನಾ ಅದುನ್ನೇ ಉಟ್ಕಂಡ್ ಓಗ್ಬೇಕು. ನನ್ ಸೀರೆಲಿ ಓದ್ರ ಒದೀತಳ ಬೋಸುಡಿ.”

ಇದೆಲ್ಲ ಮುಗಿಸಿ ಚನ್ನಮಲ್ಲಮ್ಮ ತಿರುಗಿ ನೋಡುವ ಹೊತ್ತಿಗೆ ಹದಿನೇಳನೆಯವನು ಗಾಡಿ ಹತ್ತಿದ್ದ. ಹದಿನಾಲ್ಕನ್ನು ಮೂರು ಸಲ ಕರೆದು ಗೈರು ಎಂದು ಬರೆದಾಗಿತ್ತು. ಅವಳು ನೇರ ಇನ್ಸ್‌ಪೆಕ್ಟರ ಎದುರು ಹೋಗಿ ನಿಂತಳು. ಮಾತು ತಮಿಳಿನಲ್ಲಿ ನಡೆಯಿತು. ಅವಳ ತಮಿಳಿನಲ್ಲಿ ಅರ್ಧ ಕನ್ನಡವಿತ್ತು, ಆದರೂ ಒಂದು ಅಕ್ಷರವೂ ಯಾರಿಗೂ ತಪ್ಪಲಿಲ್ಲ.

“ಬರೆದಾಯಿತಮ್ಮಾ. ಇನ್ನೊಂದು ದಿನ ಬನ್ನಿ” ಎಂದರು ಅವರು ತಲೆಯೆತ್ತದೆ.

“ಇನ್ನೊಂದು ದಿನ ನನಗಿಲ್ಲ ಸಾರ್. ನಾಳೆಗೆ ಎಲ್‌ಎಲ್‌ಆರ್ ಮುಗಿಯುತ್ತೆ. ಭಾನುವಾರ ನನ್ನ ದನ ಲಾರಿ ಹತ್ತುತ್ತವೆ.”

“ಕರೆದಾಗ ನೀವು ಹಾಜರಿರಲಿಲ್ಲ.”

“ಹಾಜರಿರಲಿಲ್ಲವಾ? ನನ್ನ ದನಿ ಕೇಳದವರು ಇಲ್ಲಿ ಒಬ್ಬರಿದ್ದರೆ ಕೈಯೆತ್ತಲಿ ಸಾರ್. ಇಷ್ಟು ಜೋರಾಗಿ ಹಾಜರಿದ್ದವಳಿಗೆ ಗೈರು ಅಂತ ಹೇಗೆ ಬರೀತೀರಿ?”

ಮೂವತ್ತು ಜನರೂ ನಕ್ಕರು. ಇನ್ಸ್‌ಪೆಕ್ಟರು ಮೊದಲ ಸಲ ಮುಖವೆತ್ತಿ ನೋಡಿದರು.

“ನೀವು ಹಸುವನ್ನ ಕರೀತಿದ್ದಿರಿ. ನಾವು ನಿಮ್ಮನ್ನ ಕರೀತಿದ್ದೆವು.”

“ಹಸುವನ್ನ ನಾನು ಆರು ಸಲ ಕರೆದೆ. ನೀವು ನನ್ನನ್ನ ಮೂರೇ ಸಲ ಕರೆದಿರಿ.”

ಅವರು ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. “ಹಸು ಬಂತಾ?” ಎಂದು ಕೇಳಿದರು.

“ಬಂತು ಸಾರ್.”

“ಎಲ್ಲರದೂ ಮುಗಿದ ಮೇಲೆ ಬನ್ನಿ. ಕೊನೆಯ ಗಾಡಿ ನಿಮ್ಮದು.” ಬರೆದದ್ದರ ಮೇಲೆ ಗೆರೆ ಎಳೆದರು.

ಕೊನೆಯೆಂದರೆ ಎರಡು ಗಂಟೆಯ ಮೇಲಾಯಿತು. ಬೆಟ್ಟದ ಜನಕ್ಕೆ ಕೆಳಗಿನ ಬಿಸಿಲು ಆಗದು. ಪ್ರಭುಸ್ವಾಮಿ ಬೇವಿನ ನೆರಳು ಸರಿದಂತೆಲ್ಲ ತಾನೂ ಕಾಲು ಎಳೆದುಕೊಂಡು ಸರಿಯುತ್ತಿದ್ದ.

“ವೋಗ್ಬುಡನ. ಕರ ಏನಾಯ್ತೋ ಏನೋ.”

“ಅಲ್ಲಿ ನಿಮ್ಮವ್ವ ಅವ್ರ, ಸಿದ್ದಣ್ಣ ಅವ್ನ. ಇಬ್ರೂ ನನ್ಗಿಂತ ಜಾಸ್ತಿ ಕರ ಎಳುದವ್ರ. ಇಲ್ಲಿ ನಾ ಒಬ್ಳೇ ಇರದು. ಚಿತ್ರಾನ್ನ ತಿನ್ನಿ.”

ಸರದಿ ಬಂತು. ಇನ್ಸ್‌ಪೆಕ್ಟರು ಪಕ್ಕದಲ್ಲಿ ಕೂತರು. ಗೆರೆಗಳ ನಡುವೆ ಗಾಡಿಯನ್ನು ಹಿಂದಕ್ಕೆ ತರಲು ಹೇಳಿದರು. ಅದು ಅವಳಿಗೆ ದಿನದ ಕೆಲಸ. ಒಂದೇ ಏಟಿಗೆ ತಂದು ನಿಲ್ಲಿಸಿದಳು. ಆಮೇಲೆ ರಸ್ತೆಗೆ ಕರೆದುಕೊಂಡು ಹೋದರು. ಅಲ್ಲಿ ಎಡವಿದಳು. ರಸ್ತೆ ಖಾಲಿಯಿದ್ದರೂ ಗಾಡಿ ಎರಡನೇ ಗೇರಿನಲ್ಲಿ ಗುಂಯ್‌ಗುಟ್ಟುತ್ತ ತೆವಳುತ್ತಿತ್ತು. ಹಿಂದೆ ಬಂದ ಸೈಕಲ್ಲೊಂದು ಮುಂದೆ ಹೋಯಿತು.

“ಏನಮ್ಮಾ, ಈ ಗಾಡಿಗೆ ಮೂರನೇ ಗೇರು ಇಲ್ಲವಾ?”

“ಇದೆ ಸಾರ್. ಹಾಕಿದರೆ ಹಾಲು ತುಳುಕುತ್ತೆ.”

ಅವರು ಹಿಂದೆ ತಿರುಗಿ ಕ್ಯಾನು ಹೇರುವ ಖಾಲಿ ಜಾಗವನ್ನು ನೋಡಿದರು. “ಇಲ್ಲಿ ಹಾಲು ಎಲ್ಲಿದೆ?”

ಚನ್ನಮಲ್ಲಮ್ಮ ನಾಲಿಗೆ ಕಚ್ಚಿಕೊಂಡಳು. ಆರು ತಿಂಗಳು ಕ್ಯಾನುಗಳ ಜೊತೆ ಓಡಿಸಿದ ಕಾಲು ಅದು, ಕ್ಯಾನಿಲ್ಲದಾಗಲೂ ಕ್ಯಾನಿದ್ದ ಹಾಗೇ ತುಳಿಯುತ್ತಿತ್ತು. ಮೂರನೇ ಗೇರಿಗೆ ಹಾಕಿದಳು. ನಾಲ್ಕಕ್ಕೂ ಹಾಕಿದಳು. ಸೈಕಲ್ಲಿನವನನ್ನು ಹಿಂದೆ ಹಾಕಿದಳು. ಮೈದಾನಕ್ಕೆ ಮರಳಿ ಇಳಿಯುವಾಗ ಇನ್ಸ್‌ಪೆಕ್ಟರು ಕಾಗದದ ಮೇಲೆ ಸಹಿ ಹಾಕಿ, “ಪಾಸು. ಆದರೆ ಹಾಲಿಲ್ಲದಾಗ ಸ್ವಲ್ಪ ಬೇಗ ಓಡಿಸಿ, ಹಿಂದಿನವರೂ ಮನೆ ಸೇರಲಿ” ಎಂದರು.

ಶಿವಮಲ್ಲಮ್ಮನ ಫೋನು ಬಂದಾಗ ಗಾಡಿ ಬಣ್ಣಾರಿ ದಾಟಿ ಘಾಟಿಯ ಬುಡದಲ್ಲಿತ್ತು. ಬದಿಗೆ ನಿಲ್ಲಿಸಿ ಮಾತಾಡಿದಳು.

“ಗಂಡು ಕರ ಕಣಮ್ಮಿ. ಒಂದ್ ಕಾಲು ಮಡಿಚ್ಕಂಡಿತ್ತು, ಸಿದ್ದ ನೇರ ಮಾಡ್ದ. ಕೆಂಚಿ ನಾಕ್ತಾ ಅವ್ಳ. ನಿನ್ದೇನಾಯ್ತು?”

“ಪಾಸು.”

“ಆಗ್ದೆ ಏನು? ಆಲು ಕರಿಯೊತ್ತುಗ ಬಂದ್ಬುಡು. ಬಗ್ಗಿ ಬಗ್ಗಿ ನಂಗ ಸೊಂಟ ಬಿದ್ದೋಗದ.”

ಫೋನು ಇಟ್ಟು ಗಂಡನ ಕಡೆ ನೋಡಿದಳು. ಪ್ರಭುಸ್ವಾಮಿ ಒಂದು ಬೀಡಿ ಹಚ್ಚಿದ, ಅರ್ಧ ಸೇದಿ ಎಸೆದ, ಆಮೇಲೆ ತನ್ನ ಫೋನು ತೆಗೆದ.

“ಮಣೀ? ಭಾನುವಾರ ಬರ್ಬ್ಯಾಡ ಕಣ್ಲಾ. ಇಲ್ಲ ಇಲ್ಲ, ರೇಟಲ್ಲ. ದನ ಕೊಡಾಕಿಲ್ಲ... ಯಾಕಾ? ನಮ್ಮನೇಲಿ ಡ್ರೈವರು ಸಿಕ್ಕವ್ಳ ಅದುಕ್ಕ.”

ಹತ್ತೊಂಬತ್ತನೆಯ ತಿರುವಿನಲ್ಲಿ ಮೇಲಿನಿಂದ ಇಳಿಯುತ್ತಿದ್ದ ಹನ್ನೆರಡು ಚಕ್ರದ ಲಾರಿ ರಸ್ತೆಯನ್ನೆಲ್ಲ ತುಂಬಿಕೊಂಡು ಸಿಕ್ಕಿಬಿದ್ದಿತ್ತು. ಕ್ಲೀನರ್ ಇಳಿದು “ರಿವರ್ಸ್, ರಿವರ್ಸ್” ಎಂದು ಕೈ ಬೀಸುತ್ತಿದ್ದ. ಇವರ ಬೆನ್ನಿಗೆ ಒಂದು ಕಾರು, ಅದಕ್ಕಿಂತ ಸ್ವಲ್ಪ ಕೆಳಗೆ ಬಸ್ಸು. ಪ್ರಭುಸ್ವಾಮಿ ಇಳಿದು ದಾರಿ ತೋರಿಸಲು ಕಾಲು ಈಚೆಗೆ ತೆಗೆಯಹೋದ.

“ಕುಂತ್ಕಳಿ” ಎಂದಳು ಚನ್ನಮಲ್ಲಮ್ಮ.

ತಲೆ ಹೊರಗೆ ಹಾಕಿ, ಹಾರ್ನ್ ಒತ್ತುತ್ತಿದ್ದ ಕಾರಿನವನಿಗೆ ಮೊದಲು ಹಿಂದೆ ಹೋಗು ಎಂದು ಕೂಗಿದಳು. ಒಂದೇ ಸಲಕ್ಕೆ ಹೋದ. ಅವಳು ಗಾಡಿಯನ್ನು ಇಳಿಜಾರಿನಲ್ಲಿ ಹಿಂದಕ್ಕೆ ಬಿಡುತ್ತ ಬಂದು ರಸ್ತೆಯಂಚಿನ ಗೋಡೆಗೆ ಒತ್ತಿ ನಿಲ್ಲಿಸಿದಳು. ಲಾರಿ ಏದುಸಿರು ಬಿಡುತ್ತ ಪಕ್ಕದಲ್ಲೇ ಸರಿದು ಕೆಳಗಿಳಿಯಿತು. ಪ್ರಭುಸ್ವಾಮಿ ಈ ಸಲ ಯಾರ ಹೆಸರನ್ನೂ ಕರೆಯಲಿಲ್ಲ. ಹಾಲು ಕರೆಯುವ ಹೊತ್ತಾಗುತ್ತಿತ್ತು. ಅವಳು ಗೇರು ಹಾಕಿ ಮೇಲಕ್ಕೆ ಹತ್ತಿಸಿದಳು.